ಹಳೆಯ ಗಿಟಾರ್‌ಗೆ ಮರಳಿ ಹೊಳಪು: ಉಜ್ಜುವ ಮುನ್ನ ಅರಿಯಬೇಕಾದ ಸಂಗತಿಗಳು

ಮೂವತ್ತು, ನಲವತ್ತು ವರ್ಷ ಅಟ್ಟದ ಮೇಲೋ ಕಪಾಟಿನ ಹಿಂದೋ ಮಲಗಿದ್ದ ಗಿಟಾರ್ ಒಂದು ಹೊರಬಂದಾಗ ಮನೆಮಂದಿಯ ಕಣ್ಣಿಗೆ ಮೊದಲು ಬೀಳುವುದು ಅದರ ಮಂಕು. ಮೈಮೇಲೆ ಜಿಡ್ಡು ಬೆರೆತ ಧೂಳಿನ ಪೊರೆ, ಲೋಹದ ಭಾಗಗಳಿಗೆ ಕಿಲುಬು, ಒಂದು ಕಾಲಕ್ಕೆ ಬೆಳ್ಳಗಿದ್ದ ಅಂಚುಪಟ್ಟಿಗೆ ಹಳದಿ ಬಣ್ಣ. ಆಗ ಕೈ ಸಹಜವಾಗಿಯೇ ಕಾರಿನ ಪಾಲಿಶ್ ಡಬ್ಬಿಗೋ, ಹಿತ್ತಾಳೆ ಪಾತ್ರೆ ಬೆಳಗುವ ಹುಣಸೆಹಣ್ಣಿಗೋ ಹೋಗುತ್ತದೆ. ಅರ್ಧ ಗಂಟೆಯ ಶ್ರಮದಿಂದ ವಾದ್ಯವೇನೋ ಹೊಳೆಯುತ್ತದೆ. ಆದರೆ ಅಷ್ಟರಲ್ಲಿ ಚಿನ್ನದ ಲೇಪ ಬಟ್ಟೆಗೆ ಬಂದಿರುತ್ತದೆ, ಅಂಚಿನಲ್ಲಿ ಬಣ್ಣ ಸವೆದು ಮರ ಇಣುಕಿರುತ್ತದೆ.

ಹಳೆಯ ಗಿಟಾರ್‌ನ ಹೊಳಪನ್ನು ಮರಳಿ ತರುವುದು ಅಸಾಧ್ಯವೇನಲ್ಲ. ಆದರೆ ಅದು ಮುಖ್ಯವಾಗಿ ಉಜ್ಜುವ ಕೆಲಸವಲ್ಲ, ಗುರುತಿಸುವ ಕೆಲಸ. ಕಣ್ಣಿಗೆ ಕಾಣುವ ಮಂಕು ಕೊಳೆಯೇ, ಸವಕಳಿಯೇ, ಅಥವಾ ವಯಸ್ಸಿನ ಪರಿಣಾಮವೇ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಕೊಳೆಯನ್ನು ತೆಗೆಯಬಹುದು. ಸವಕಳಿಯನ್ನು ಸ್ವಲ್ಪಮಟ್ಟಿಗೆ ಸರಿಪಡಿಸಬಹುದು. ವಯಸ್ಸನ್ನು ಮಾತ್ರ ಹಾಗೆಯೇ ಬಿಡುವುದು ಲೇಸು. ಮೂರನ್ನೂ ಒಂದೇ ಎಂದು ಭಾವಿಸಿದಾಗ ವಾದ್ಯಕ್ಕೆ ಆಗುವ ಹಾನಿಯನ್ನು ತುಂಬಿಕೊಡಲು ಯಾವ ಕುಶಲಕರ್ಮಿಗೂ ಸಾಧ್ಯವಾಗದು.

ಅರಗಿನಿಂದ ಕಾರಿನ ಬಣ್ಣದವರೆಗೆ

ಗಿಟಾರ್‌ನ ಮೈಮೇಲಿರುವ ಲೇಪ ಯಾವ ಜಾತಿಯದು ಎಂಬುದರ ಮೇಲೆ ಅದರ ಆರೈಕೆ ನಿಂತಿದೆ. ಸ್ಥೂಲವಾಗಿ ಇದರಲ್ಲಿ ಮೂರು ಬಗೆ.

ಮೊದಲನೆಯದು ಅರಗು, ಅಂದರೆ ಶೆಲ್ಲಾಕ್. ಮರದ ಕೊಂಬೆಗಳ ಮೇಲೆ ಬದುಕುವ ಪುಟ್ಟ ಕೀಟವೊಂದು ಸ್ರವಿಸುವ ಈ ರಾಳವನ್ನು ಮದ್ಯಸಾರದಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಹತ್ತಾರು ಬಾರಿ ತೆಳುವಾಗಿ ಸವರುವ ವಿಧಾನಕ್ಕೆ ಫ್ರೆಂಚ್ ಪಾಲಿಶ್ ಎಂದು ಹೆಸರು. ಹೆಸರು ಫ್ರೆಂಚ್ ಆದರೂ ಸಾಮಗ್ರಿ ಬಹುಮಟ್ಟಿಗೆ ಭಾರತದ್ದೇ. ಇಂದಿಗೂ ಜಾರ್ಖಂಡ್ ಅರಗಿನ ಉತ್ಪಾದನೆಯಲ್ಲಿ ಮುಂಚೂಣಿಯಲ್ಲಿದೆ. ಚನ್ನಪಟ್ಟಣದ ಬೊಂಬೆಗಳಿಗೆ ಕಡಸಲು ಯಂತ್ರದ ಮೇಲೆ ಬಣ್ಣ ಕೊಡುವುದೂ ಇದೇ ಅರಗು. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪೇನಿನ ಆಂತೋನಿಯೊ ದೆ ತೊರೆಸ್ ಇಂದಿನ ಶಾಸ್ತ್ರೀಯ ಗಿಟಾರ್‌ಗೆ ಅದರ ರೂಪ ಕೊಟ್ಟನು. ಆ ಪರಂಪರೆಯ ಉತ್ತಮ ಕೈಕೆಲಸದ ವಾದ್ಯಗಳಲ್ಲಿ ಈಗಲೂ ಅರಗಿನ ಲೇಪ ಕಾಣಸಿಗುತ್ತದೆ.

ಎರಡನೆಯದು ನೈಟ್ರೊಸೆಲ್ಯುಲೋಸ್ ಲ್ಯಾಕರ್. ಹತ್ತಿಯಂತಹ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಪಡೆಯುವ ಈ ವಸ್ತುವಿನ ಹತ್ತಿರದ ಬಂಧು ಬಂದೂಕಿನ ಮದ್ದಾಗಿಯೂ ಬಳಕೆಯಾಗಿದೆ. 1920ರ ದಶಕದ ಆರಂಭದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯು ಇದನ್ನು ‘ಡ್ಯೂಕೊ’ ಎಂಬ ಹೆಸರಿನಲ್ಲಿ ಕಾರುಗಳ ಬಣ್ಣವಾಗಿ ಮಾರುಕಟ್ಟೆಗೆ ತಂದಿತು. ಮರದ ಪೀಠೋಪಕರಣ ಮಾಡುವ ಬಡಗಿಗಳ ಬಾಯಲ್ಲಿ ಇಂದಿಗೂ ಉಳಿದಿರುವ ‘ಡ್ಯೂಕೊ ಪೇಂಟ್’ ಎಂಬ ಮಾತಿನ ಮೂಲ ಇದೇ. ಬೇಗ ಒಣಗುವ ಈ ಲೇಪವನ್ನು ಗಿಟಾರ್ ತಯಾರಕರೂ ಅದೇ ದಶಕದಲ್ಲಿ ಅಪ್ಪಿಕೊಂಡರು. ಮಾರ್ಟಿನ್, ಗಿಬ್ಸನ್, ಫೆಂಡರ್ ಕಂಪನಿಗಳ ಹಳೆಯ ವಾದ್ಯಗಳಲ್ಲಿ ಬಹುಪಾಲು ಇದೇ ಲೇಪದವು. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕಾಸ್ಟರ್‌ಗೆ ಮುಂದೆ ದೊರೆತ ವಿಶೇಷ ಬಣ್ಣಗಳು ಕಾರುಗಳ ಬಣ್ಣದ ಪಟ್ಟಿಯಿಂದಲೇ ಆಯ್ದವು.

ಮೂರನೆಯದು ಪಾಲಿಯೆಸ್ಟರ್ ಮತ್ತು ಪಾಲಿಯುರೆಥೇನ್. ಫೆಂಡರ್ ಕಂಪನಿ 1960ರ ದಶಕದ ಕೊನೆಗೆ ಇದರತ್ತ ತಿರುಗಿತು. ಇಂದು ಅಂಗಡಿಗಳಲ್ಲಿ ದೊರೆಯುವ ಸಾಮಾನ್ಯ ಬೆಲೆಯ ಗಿಟಾರ್‌ಗಳಿಗೆ ಬಹುತೇಕ ಇದೇ ಲೇಪ. ಇದು ದಪ್ಪ, ಗಟ್ಟಿ, ಬೆವರಿಗೂ ರಾಸಾಯನಿಕಗಳಿಗೂ ಸುಲಭವಾಗಿ ಜಗ್ಗದು. ಅರಗು ಮತ್ತು ನೈಟ್ರೊ ಲೇಪಗಳು ತಮ್ಮ ದ್ರಾವಕ ತಗುಲಿದರೆ ಮತ್ತೆ ಕರಗುತ್ತವೆ. ಪಾಲಿಯೆಸ್ಟರ್ ಒಮ್ಮೆ ಗಟ್ಟಿಯಾದರೆ ಕರಗದು.

ಲೇಪವನ್ನು ಗುರುತಿಸುವ ಬಗೆ

ವಾದ್ಯದ ತಯಾರಕರು ಹಾಗೂ ತಯಾರಾದ ಕಾಲ ತಿಳಿದರೆ ಅರ್ಧ ಉತ್ತರ ದೊರೆತಂತೆ. ಉಳಿದರ್ಧವನ್ನು ಕಣ್ಣು ಹೇಳುತ್ತದೆ. ಮೈಮೇಲೆ ಕೂದಲೆಳೆಯಂತಹ ಬಿರುಕುಗಳ ಜಾಲವಿದ್ದರೆ ಅದು ನೈಟ್ರೊ ಲೇಪದ ಪ್ರಬಲ ಸುಳಿವು. ಚಳಿಗೆ ಮರವೂ ಲೇಪವೂ ಒಂದೇ ಪ್ರಮಾಣದಲ್ಲಿ ಕುಗ್ಗದೆ ಹೋದಾಗ ಈ ಬಿರುಕುಗಳು ಮೂಡುತ್ತವೆ. ಬಿಳಿಯ ಬಣ್ಣ ಬೆಣ್ಣೆಯ ಬಣ್ಣಕ್ಕೆ ತಿರುಗಿದ್ದರೆ, ನೀಲಿ ಹಸಿರಿನಂತೆ ಕಂಡರೆ, ಮೇಲಿನ ಪಾರದರ್ಶಕ ಲ್ಯಾಕರ್ ಹಳದಿಯಾಗಿದೆ ಎಂದೇ ಅರ್ಥ. ಗಿಟಾರ್‌ನ ಪಿಕ್‌ಗಾರ್ಡ್ ತೆಗೆದು ನೋಡಿದರೆ ಅದರ ಅಡಿಯಲ್ಲಿ ಮೂಲ ಬಣ್ಣ ಬೆಳಕು ಕಾಣದೆ ಉಳಿದಿರುವುದುಂಟು.

ನೋಟುಗಳನ್ನು ಪರೀಕ್ಷಿಸಲು ನಗದು ಗುಮಾಸ್ತರು ಬಳಸುವ ಅತಿನೇರಳೆ ದೀಪವೂ ಇಲ್ಲಿ ನೆರವಿಗೆ ಬರುತ್ತದೆ. ಕತ್ತಲ ಕೋಣೆಯಲ್ಲಿ ಆ ಬೆಳಕು ಹಾಯಿಸಿದರೆ ಹಳೆಯ ನೈಟ್ರೊ ಲೇಪ ಹಳದಿ ಮಿಶ್ರಿತ ಹಸಿರಾಗಿ ಮಿನುಗುತ್ತದೆ. ನಡುವೆ ಯಾರಾದರೂ ತೇಪೆ ಹಾಕಿದ್ದರೆ ಆ ಭಾಗ ಬೇರೆಯಾಗಿ ಎದ್ದು ಕಾಣುತ್ತದೆ. ಹಳೆಯ ವಾದ್ಯಗಳ ವ್ಯಾಪಾರಿಗಳು ಕೊಳ್ಳುವ ಮುನ್ನ ಈ ಪರೀಕ್ಷೆ ಮಾಡುವುದು ವಾಡಿಕೆ.

ಇಷ್ಟಾದರೂ ಸಂಶಯ ಉಳಿದರೆ ದ್ರಾವಕದ ಪರೀಕ್ಷೆಯೊಂದಿದೆ. ತಿರುಪಿನ ತಟ್ಟೆಯ ಅಡಿಯಂತಹ, ಎಂದಿಗೂ ಕಾಣದ ಜಾಗದಲ್ಲಿ ಹತ್ತಿಯ ಕಡ್ಡಿಯಿಂದ ಒಂದೇ ಹನಿ ಮದ್ಯಸಾರ ತಾಗಿಸಿದಾಗ ಲೇಪ ಅಂಟಂಟಾದರೆ ಅದು ಅರಗು. ಮದ್ಯಸಾರಕ್ಕೆ ಜಗ್ಗದೆ ಅಸಿಟೋನ್‌ಗೆ ಮೆತ್ತಗಾದರೆ ಲ್ಯಾಕರ್. ಎರಡಕ್ಕೂ ಮಿಸುಕದಿದ್ದರೆ ಪಾಲಿಯೆಸ್ಟರ್ ಅಥವಾ ಪಾಲಿಯುರೆಥೇನ್. ಆದರೆ ಬೆಲೆಬಾಳುವ ವಾದ್ಯವಾದರೆ ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡದೆ ನುರಿತವರಿಗೆ ಬಿಡುವುದೇ ಕ್ಷೇಮ.

ಮೊದಲ ಹೆಜ್ಜೆ ಶುಚಿ

ಮಂಕಾಗಿ ಕಾಣುವ ಗಿಟಾರ್‌ಗಳಲ್ಲಿ ಬಹಳಷ್ಟಕ್ಕೆ ಬೇಕಾಗಿರುವುದು ಪಾಲಿಶ್ ಅಲ್ಲ, ಶುಚಿ ಮಾತ್ರ. ಕೈಯ ಬೆವರು, ಚರ್ಮದ ಎಣ್ಣೆ, ಧೂಳು, ಸಿಗರೇಟಿನ ಹೊಗೆ ಎಲ್ಲವೂ ಸೇರಿ ಕಟ್ಟಿದ ಪೊರೆ ಲೇಪದ ಮೇಲಿರುತ್ತದೆಯೇ ಹೊರತು ಲೇಪದ ಒಳಗಲ್ಲ.

ಕೆಲಸ ಆರಂಭಿಸುವ ಮುನ್ನ ವಾದ್ಯದ ಎಲ್ಲ ಬದಿಯ ಛಾಯಾಚಿತ್ರ ತೆಗೆದಿರಿಸಿಕೊಳ್ಳಬೇಕು. ಹಳೆಯ ತಂತಿಗಳನ್ನು ಒಂದೇ ಸಲಕ್ಕೆ ಕತ್ತರಿಸದೆ ಕ್ರಮವಾಗಿ ಸಡಿಲಿಸಿ ತೆಗೆಯಬೇಕು. ಅನಂತರ ಮೆದುವಾದ ಕುಂಚದಿಂದ ಧೂಳನ್ನು ಕೊಡವಬೇಕು. ಧೂಳಿದ್ದಂತೆಯೇ ಬಟ್ಟೆಯಿಂದ ಒರೆಸಿದರೆ ಅದರಲ್ಲಿನ ಸಣ್ಣ ಮರಳ ಕಣಗಳೇ ಗೀರು ಎಳೆಯುತ್ತವೆ.

ಧೂಳು ಹೋದ ಮೇಲೆ ಹತ್ತಿ ಬಟ್ಟೆಯನ್ನು ಬರಿಯ ನೀರಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಅಂಗೈಯಗಲದ ಜಾಗವನ್ನಷ್ಟೇ ಒರೆಸಿ ಕೂಡಲೇ ಒಣಬಟ್ಟೆಯಿಂದ ತೇವ ತೆಗೆಯಬೇಕು. ಹಲವು ಬಾರಿ ಒಗೆದು ಮೆತ್ತಗಾದ ಹಳೆಯ ಬನಿಯನ್ ಬಟ್ಟೆ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಬಿರುಕು ಬಿಟ್ಟ ಲೇಪವಿದ್ದರೆ ನೀರು ಬಿರುಕಿನ ಮೂಲಕ ಮರಕ್ಕಿಳಿಯುವ ಅಪಾಯವಿರುವುದರಿಂದ ತೇವ ಅತ್ಯಲ್ಪವಾಗಿರಬೇಕು. ನೀರಿಗೆ ಜಗ್ಗದ ಜಿಡ್ಡಿಗೆ ಸಿಗರೇಟ್ ಲೈಟರ್‌ಗೆ ತುಂಬುವ ನ್ಯಾಫ್ತಾ ದ್ರವ ಉಪಯುಕ್ತ. ಇದು ಮೂರೂ ಬಗೆಯ ಲೇಪಗಳನ್ನು ಸಾಮಾನ್ಯವಾಗಿ ಕರಗಿಸದು. ಆದರೆ ಸುಲಭವಾಗಿ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಕಿಟಕಿ ತೆರೆದ ಕೋಣೆಯಲ್ಲಿ, ದೀಪ, ಒಲೆ, ಊದುಬತ್ತಿಗಳಿಂದ ದೂರವಿದ್ದು ಬಳಸಬೇಕು. ಮದ್ಯಸಾರ ಇರುವ ಕೈಶುದ್ಧಿ ದ್ರವವನ್ನಂತೂ ಗಿಟಾರ್ ಬಳಿ ಸುಳಿಯಗೊಡಬಾರದು.

ವಸ್ತುಸಂಗ್ರಹಾಲಯಗಳ ಸಂರಕ್ಷಕರು ಬಳಸುವ ಇನ್ನೊಂದು ಶುದ್ಧಿದ್ರವ್ಯದ ಹೆಸರು ಕೇಳಿದರೆ ಮಡಿವಂತರು ಬೆಚ್ಚಬಹುದು. ಅದು ಎಂಜಲು. ಹತ್ತಿಯ ಕಡ್ಡಿಗೆ ಬಾಯಿಯ ಜೊಲ್ಲು ತಾಗಿಸಿ ಕೊಳೆ ತೆಗೆಯುವ ಪದ್ಧತಿ ಬಹಳ ಹಳೆಯದು. ಜೊಲ್ಲಿನ ಕಿಣ್ವಗಳು ಕೊಳೆಯನ್ನು ಸಡಿಲಿಸುತ್ತವೆ ಎಂಬುದನ್ನು ಪೋರ್ಚುಗಲ್‌ನ ಸಂಶೋಧಕರು ಪ್ರಯೋಗದಿಂದ ತೋರಿಸಿದ್ದರು. ನಗಿಸಿ ಅನಂತರ ಚಿಂತನೆಗೆ ಹಚ್ಚುವ ಸಂಶೋಧನೆಗಳಿಗೆಂದೇ ಇರುವ ಇಗ್ ನೊಬೆಲ್ ಬಹುಮಾನ 2018ರಲ್ಲಿ ಆ ಅಧ್ಯಯನಕ್ಕೆ ಸಂದಿತು.

ಪಾಲಿಶ್ ಎಂದರೆ ಸವೆಸುವುದು

ಶುಚಿಯಾದ ಮೇಲೂ ಮಂಕು ಉಳಿದರೆ ಅದು ಸವಕಳಿ. ಲೆಕ್ಕವಿಲ್ಲದಷ್ಟು ಸಣ್ಣ ಗೀರುಗಳು ಬೆಳಕನ್ನು ಚದುರಿಸುವುದರಿಂದ ಮೇಲ್ಮೈ ಮಸುಕಾಗಿ ಕಾಣುತ್ತದೆ. ಪಾಲಿಶ್ ಮಾಡುವುದೆಂದರೆ ಆ ಗೀರುಗಳ ಆಳದವರೆಗೆ ಸುತ್ತಲಿನ ಲೇಪವನ್ನು ಸವೆಸಿ ಮಟ್ಟಮಾಡುವುದು. ಅಂದರೆ ಪ್ರತಿ ಬಾರಿಯ ಪಾಲಿಶ್‌ಗೂ ಲೇಪ ತೆಳ್ಳಗಾಗುತ್ತದೆ.

ಹಳೆಯ ನೈಟ್ರೊ ಲೇಪದ ಒಟ್ಟು ದಪ್ಪ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಅಂಚು, ತಿರುವುಗಳಲ್ಲಿ ಅದಕ್ಕಿಂತ ಕಡಿಮೆ. ಹೀಗಾಗಿ ಯಂತ್ರದ ಬಫ್ ಬಳಸಿದರೆ ಕೆಲವೇ ಕ್ಷಣಗಳಲ್ಲಿ ಅಂಚಿನ ಬಣ್ಣ ಹಾರಿಹೋಗುತ್ತದೆ. ಕಾಲದ ತೆರೆ ಬಿದ್ದ ವಾದ್ಯಕ್ಕೆ ಕೈಯೇ ಯಂತ್ರ. ಗಿಟಾರ್‌ಗೆಂದೇ ದೊರೆಯುವ, ಗೀರು ಅಳಿಸುವ ಅತಿ ನಯವಾದ ಪಾಲಿಶ್ ಅನ್ನು ಬಟ್ಟೆಗೆ ಹಚ್ಚಿ, ಹಗುರ ಒತ್ತಡದಲ್ಲಿ ಮರದ ಎಳೆಯ ದಿಕ್ಕಿಗೆ ಉಜ್ಜಿ, ಆಗಾಗ ಒರೆಸಿ ನೋಡುತ್ತಿರಬೇಕು. ಬಟ್ಟೆಯ ಮೇಲೆ ವಾದ್ಯದ ಬಣ್ಣ ಕಾಣಿಸಿಕೊಂಡರೆ ಅಲ್ಲಿಗೇ ನಿಲ್ಲಿಸಬೇಕು.

ಕಾರಿನ ಪಾಲಿಶ್‌ಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಇವುಗಳಲ್ಲಿ ಹಲವಕ್ಕೆ ಸಿಲಿಕೋನ್ ಬೆರೆತಿರುತ್ತದೆ. ಅದು ಬಿರುಕುಗಳ ಮೂಲಕ ಒಳಗಿಳಿದರೆ ತೆಗೆಯುವುದು ಬಹು ಕಷ್ಟ. ಮುಂದೆಂದಾದರೂ ಅಲ್ಲಿ ಲ್ಯಾಕರ್ ಹಚ್ಚಬೇಕಾಗಿ ಬಂದರೆ ಹೊಸ ಲೇಪ ಹಿಡಿಯದೆ ಮೀನಿನ ಕಣ್ಣಿನಂತಹ ಗುಳಿಗಳು ಏಳುತ್ತವೆ. ಟೂತ್‌ಪೇಸ್ಟ್‌ನಿಂದ ಉಜ್ಜುವ ಮನೆಮದ್ದು ಇನ್ನೂ ಕೆಟ್ಟದ್ದು. ಅದರಲ್ಲಿನ ಸವೆಸುವ ಪುಡಿ ಎಷ್ಟು ಒರಟು ಎಂಬುದು ಯಾರಿಗೂ ತಿಳಿದಿರುವುದಿಲ್ಲ.

ಹುಟ್ಟುವಾಗಲೇ ಹೊಳಪಿಲ್ಲದಂತೆ ಮಾಡಿದ ‘ಸ್ಯಾಟಿನ್’ ಲೇಪದ ವಾದ್ಯಗಳೂ ಉಂಟು. ಇವುಗಳನ್ನು ಉಜ್ಜಿದರೆ ಅಲ್ಲಲ್ಲಿ ಮಾತ್ರ ಮಿರುಗಿ, ಮೈ ಬಣ್ಣಗೆಟ್ಟಂತೆ ಕಾಣುತ್ತದೆ. ಇಂತಹ ವಾದ್ಯಕ್ಕೆ ಒದ್ದೆ ಬಟ್ಟೆ, ಒಣ ಬಟ್ಟೆ ಎರಡೇ ಸಾಕು.

ಆಳವಾದ ಗೀರು, ಕಿತ್ತುಹೋದ ಚೂರುಗಳ ದುರಸ್ತಿಯಲ್ಲೂ ಲೇಪದ ಜಾತಿಯೇ ನಿರ್ಣಾಯಕ. ನೈಟ್ರೊ ಮತ್ತು ಅರಗಿನ ಮೇಲೆ ಅದೇ ಬಗೆಯ ಹೊಸ ಹನಿ ಬಿದ್ದಾಗ ಹಳೆಯ ಲೇಪ ತುಸು ಕರಗಿ ಹೊಸದರೊಡನೆ ಬೆರೆಯುತ್ತದೆ. ಹೀಗಾಗಿ ತೇಪೆಯ ಗುರುತು ಬಹುಮಟ್ಟಿಗೆ ಮರೆಯಾಗುತ್ತದೆ. ಪಾಲಿಯೆಸ್ಟರ್ ಹೀಗೆ ಬೆರೆಯದ ಕಾರಣ ಕುಶಲಕರ್ಮಿಗಳು ಗುಳಿಯನ್ನು ಸೂಪರ್ ಗ್ಲೂ ಜಾತಿಯ ಅಂಟಿನಿಂದ ತುಂಬಿ ಮಟ್ಟಮಾಡುತ್ತಾರೆ.

ಬಿರಡೆ, ಕುದುರೆ, ಮೆಟ್ಟಿಲು

ವೀಣೆಯ ಪರಿಭಾಷೆಯಲ್ಲಿ ಹೇಳುವುದಾದರೆ ಗಿಟಾರ್‌ಗೂ ಬಿರಡೆ, ಕುದುರೆ, ಮೆಟ್ಟಿಲುಗಳಿವೆ. ವಾದಕರು ಇವನ್ನು ಟ್ಯೂನರ್, ಬ್ರಿಜ್, ಫ್ರೆಟ್ ಎನ್ನುತ್ತಾರೆ. ವಾದ್ಯದ ಸಿಂಗಾರದ ಬಹುಭಾಗ ಈ ಲೋಹದ ಅಂಗಗಳಲ್ಲೇ ಇರುವುದರಿಂದ ಹೊಳಪಿನ ಆಸೆ ಮೊದಲು ಬಲಿ ತೆಗೆದುಕೊಳ್ಳುವುದೂ ಇವನ್ನೇ.

ಇವುಗಳಲ್ಲಿ ಹೆಚ್ಚಿನವು ಹಿತ್ತಾಳೆ, ಸತು ಅಥವಾ ಉಕ್ಕಿನ ಮೇಲೆ ಬೇರೊಂದು ಲೋಹದ ತೆಳು ಲೇಪವಿರುವಂಥವು. ಬೆಚ್ಚಗಿನ, ತುಸು ಹಳದಿ ಛಾಯೆಯ ಬಿಳುಪು ಇದ್ದು ಕ್ರಮೇಣ ಮಸುಕಾಗುವುದು ನಿಕಲ್. ನೀಲಿ ಛಾಯೆಯಲ್ಲಿ ಕನ್ನಡಿಯಂತೆ ಹೊಳೆಯುವುದು ಕ್ರೋಮ್. ಗಿಬ್ಸನ್ ಕಂಪನಿ 1960ರ ದಶಕದ ಮಧ್ಯದಲ್ಲಿ ನಿಕಲ್ ಬಿಟ್ಟು ಕ್ರೋಮ್ ಕಡೆಗೆ ಹೊರಳಿತು. ಆದ್ದರಿಂದ ಮಂಕಾದ ನಿಕಲ್ ಭಾಗಗಳೇ ವಾದ್ಯದ ವಯಸ್ಸಿಗೆ ಸಾಕ್ಷಿಯಾಗುವುದುಂಟು. ಅವನ್ನು ಕಿತ್ತೆಸೆದು ಹೊಸ ಕ್ರೋಮ್ ಕೂರಿಸಿದರೆ ಆ ಸಾಕ್ಷ್ಯವೇ ನಾಶವಾದಂತೆ.

ನಿಕಲ್‌ಗೆ ಮೆದುವಾದ ಲೋಹದ ಪಾಲಿಶ್ ಅನ್ನು ಅಪರೂಪಕ್ಕೊಮ್ಮೆ ಬಳಸಬಹುದು. ಭಾಗವನ್ನು ವಾದ್ಯದಿಂದ ಬಿಚ್ಚಿಯೇ ಆ ಕೆಲಸ ಮಾಡಬೇಕು. ಪಾಲಿಶ್ ಮರದ ಲೇಪಕ್ಕೆ ತಗುಲಬಾರದು. ಕ್ರೋಮ್ ಮೇಲೆ ಎದ್ದ ತುಕ್ಕಿನ ಚುಕ್ಕೆಗಳನ್ನು ಒಂದು ಹನಿ ಯಂತ್ರದ ಎಣ್ಣೆ ಹಚ್ಚಿ ಕೆಲಕಾಲ ಬಿಟ್ಟು, ಬಟ್ಟೆಯಿಂದ ಒರೆಸಿದರೆ ಬಹುಪಾಲು ಹೋಗುತ್ತವೆ.

ಚಿನ್ನದ ಲೇಪದ ವಿಷಯ ಬೇರೆ. ಚಿನ್ನ ಕಿಲುಬುಗಟ್ಟುವುದಿಲ್ಲ. ಆದರೆ ಗಿಟಾರ್ ಮೇಲಿನ ಚಿನ್ನದ ಪದರ ಎಷ್ಟು ತೆಳುವೆಂದರೆ ವಾದಕನ ಅಂಗೈ ಪದೇ ಪದೇ ತಾಗುವ ಕಡೆ ಕೆಲವೇ ವರ್ಷಗಳಲ್ಲಿ ಸವೆದು ಒಳಗಿನ ಬಿಳಿ ಲೋಹ ಕಾಣುತ್ತದೆ. ಇಂತಹ ಭಾಗಕ್ಕೆ ಲೋಹದ ಪಾಲಿಶ್, ಹುಣಸೆಹಣ್ಣು, ನಿಂಬೆರಸ, ರಂಗೋಲಿ ಪುಡಿ ಯಾವುದೂ ಸಲ್ಲದು. ದೇವರ ಮನೆಯ ಗಟ್ಟಿ ಹಿತ್ತಾಳೆ ದೀಪಕ್ಕೆ ಇವು ಹೊಂದುತ್ತವೆ, ಏಕೆಂದರೆ ಅಲ್ಲಿ ಸವೆದರೂ ಅಡಿಯಲ್ಲಿ ಹಿತ್ತಾಳೆಯೇ ಇದೆ. ಚಿನ್ನದ ಲೇಪಕ್ಕೆ ಒಂದು ಹನಿ ಸೌಮ್ಯ ಸೋಪು ಬೆರೆಸಿದ ನೀರು, ಮೆತ್ತನೆಯ ಬಟ್ಟೆ, ಅಷ್ಟೇ ಮಿತಿ.

ಮೆಟ್ಟಿಲುಗಳನ್ನು ಸಾಮಾನ್ಯವಾಗಿ ‘ನಿಕಲ್ ಸಿಲ್ವರ್’ ಎಂಬ ಮಿಶ್ರಲೋಹದಿಂದ ಮಾಡಲಾಗುತ್ತದೆ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದರಲ್ಲಿರುವುದು ತಾಮ್ರ, ನಿಕಲ್ ಮತ್ತು ಸತು. ಇದು ಮೇಲಿನಿಂದ ಕೆಳಗಿನವರೆಗೆ ಒಂದೇ ಲೋಹವಾದ್ದರಿಂದ ಉಜ್ಜಿದರೆ ತೊಂದರೆಯಿಲ್ಲ. ಬೆರಳುಹಲಗೆಯನ್ನು ಹಗುರವಾಗಿ ಅಂಟುವ ಟೇಪಿನಿಂದ ಮುಚ್ಚಿ, ಅತಿ ನಯವಾದ ಉಜ್ಜುಕಾಗದದಿಂದ ಮೆಟ್ಟಿಲುಗಳಿಗೆ ಹೊಳಪು ಕೊಡಬಹುದು. ಹಳೆಯ ಲ್ಯಾಕರ್ ಇರುವ ಕಡೆ ಟೇಪು ಲೇಪವನ್ನೇ ಕಿತ್ತು ತರಬಹುದಾದ್ದರಿಂದ ಅಲ್ಲಿ ಅಂಟಿಸಬಾರದು. ಎಲೆಕ್ಟ್ರಿಕ್ ಗಿಟಾರ್ ಬಳಿ ಉಕ್ಕಿನ ನಾರು ಬಳಸಿದರೆ ಅದರ ಪುಡಿ ಪಿಕಪ್‌ಗಳ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಪಿಕಪ್‌ಗಳ ಲೋಹದ ಮುಚ್ಚಳವನ್ನು ಹೊಳಪಿಗಾಗಿ ಬೆಸುಗೆ ಬಿಡಿಸಿ ತೆಗೆಯುವುದಂತೂ ಸರ್ವಥಾ ಸಲ್ಲದು. 1950ರ ದಶಕದ ಗಿಬ್ಸನ್ ವಾದ್ಯಗಳಲ್ಲಿ ಮುಟ್ಟದ ಬೆಸುಗೆಗೂ ಬೆಲೆಯಿದೆ.

ಕರ್ಪೂರದಿಂದಾದ ಅಂಚುಪಟ್ಟಿ

ಗಿಟಾರ್‌ನ ಒಡಲಿನ ಅಂಚಿಗೆ ಸುತ್ತಿರುವ ಬಿಳಿಯ ಪಟ್ಟಿ, ಆಮೆಚಿಪ್ಪಿನಂತೆ ಕಾಣುವ ಪಿಕ್‌ಗಾರ್ಡ್ ಇವು ಹಳೆಯ ವಾದ್ಯಗಳಲ್ಲಿ ಬಹುಮಟ್ಟಿಗೆ ಸೆಲ್ಯುಲಾಯ್ಡ್‌ನಿಂದಾದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಜಾನ್ ವೆಸ್ಲಿ ಹಯಾಟ್ ಬಳಕೆಗೆ ತಂದ ಈ ಪ್ಲಾಸ್ಟಿಕ್, ನೈಟ್ರೊಸೆಲ್ಯುಲೋಸ್‌ಗೆ ಕರ್ಪೂರ ಬೆರೆಸಿ ಮಾಡಿದ್ದು. ಹಳೆಯ ಗಿಟಾರ್ ಪೆಟ್ಟಿಗೆ ತೆರೆದಾಗ ಒಮ್ಮೊಮ್ಮೆ ದೇವಸ್ಥಾನದ ಮಂಗಳಾರತಿಯ ನೆನಪು ತರುವ ವಾಸನೆ ಬರುವುದು ಇದೇ ಕಾರಣಕ್ಕೆ.

ಅಂಚುಪಟ್ಟಿ ಹಳದಿಯಾಗಿದೆ ಎಂದು ಕಂಡುಬಂದರೂ ಹಲವೊಮ್ಮೆ ಹಳದಿಯಾಗಿರುವುದು ಪಟ್ಟಿಯಲ್ಲ, ಅದರ ಮೇಲಿನ ಲ್ಯಾಕರ್. ಪಟ್ಟಿ ಬೆಳ್ಳಗಾಗಲಿ ಎಂದು ಕೆರೆದರೆ ವಾದ್ಯದ ಮೂಲ ಲೇಪವೇ ಹೋಗುತ್ತದೆ. ಸೆಲ್ಯುಲಾಯ್ಡ್ ಅಸಿಟೋನ್‌ನಲ್ಲಿ ಕರಗುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅಸಿಟೋನ್ ಇರುವುದು ಸಾಮಾನ್ಯ. ಆದ್ದರಿಂದ ಆ ಶೀಶೆಯನ್ನು ಗಿಟಾರ್ ಹತ್ತಿರ ತರಲೇಬಾರದು. ಈ ವಸ್ತು ಬಹುಬೇಗ ಹೊತ್ತಿಕೊಳ್ಳುತ್ತದೆ. ಯಂತ್ರದಿಂದ ಉಜ್ಜಿ ಬಿಸಿ ಮಾಡುವುದು ಅಪಾಯಕ್ಕೆ ಆಹ್ವಾನ ಕೊಟ್ಟಂತೆ.

ಸೆಲ್ಯುಲಾಯ್ಡ್‌ಗೆ ಒಂದು ಮುಪ್ಪಿನ ರೋಗವೂ ಉಂಟು. ದಶಕಗಳ ಬಳಿಕ ಕೆಲವು ಪಿಕ್‌ಗಾರ್ಡ್‌ಗಳು ಒಡೆದು ಪುಡಿಯಾಗಲಾರಂಭಿಸುತ್ತವೆ. ಆಗ ಹೊರಬರುವ ಆಮ್ಲೀಯ ಅನಿಲ ಪಕ್ಕದ ಲೋಹಕ್ಕೆ ಹಸಿರು ಕಿಲುಬು ಹಿಡಿಸುತ್ತದೆ, ಮುಚ್ಚಿದ ಪೆಟ್ಟಿಗೆಯೊಳಗೆ ತಂತಿಗಳನ್ನೂ ತಿನ್ನುತ್ತದೆ. ಒಂದೇ ಜಾಗದ ಲೋಹಭಾಗಗಳು ಎಷ್ಟು ಉಜ್ಜಿದರೂ ಮತ್ತೆ ಮತ್ತೆ ಹಸಿರಾಗುತ್ತಿದ್ದರೆ ದೋಷ ಲೋಹದ್ದಲ್ಲ, ಪಕ್ಕದ ಪ್ಲಾಸ್ಟಿಕ್‌ನದು ಎಂದು ತಿಳಿಯಬೇಕು. ಅಂತಹ ತುಣುಕನ್ನು ಬಿಚ್ಚಿ, ವಾದ್ಯದಿಂದ ದೂರ, ಗಾಳಿಯಾಡುವ ಕಡೆ ಇರಿಸುವುದೇ ಪರಿಹಾರ. ಇಷ್ಟು ವಿಷಯ ತಿಳಿಯದೆ ಹೊಸ ಬಿರಡೆ ಕೂರಿಸಿದರೆ ಅವೂ ಹಾಳಾಗುತ್ತವೆ.

ಬೀಟೆಯ ಹಲಗೆ

ಬೆರಳುಹಲಗೆ ಕಪ್ಪು ಅಥವಾ ಕಂದು ಮರದ್ದಾಗಿದ್ದರೆ ಅದು ಕರಿಮರವೋ ಬೀಟೆಯೋ ಆಗಿರುವ ಸಾಧ್ಯತೆ ಹೆಚ್ಚು. ಬೀಟೆಯ ಮಟ್ಟಿಗೆ ಕನ್ನಡ ನಾಡಿಗೂ ಜಗತ್ತಿನ ಗಿಟಾರ್‌ಗಳಿಗೂ ನೇರ ನಂಟಿದೆ. ಬ್ರೆಜಿಲ್‌ನ ರೋಸ್‌ವುಡ್ ದಿಮ್ಮಿಗಳ ರಫ್ತಿಗೆ ತಡೆ ಬಿದ್ದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ದಕ್ಷಿಣ ಭಾರತದ ಬೀಟೆಯ ಕಡೆಗೆ ತಿರುಗಿತು. ಪಶ್ಚಿಮಘಟ್ಟದ ಈ ಮರ ಅಂದಿನಿಂದ ಅಸಂಖ್ಯ ಗಿಟಾರ್‌ಗಳ ಬೆನ್ನು, ಪಕ್ಕೆ, ಬೆರಳುಹಲಗೆಗಳಾಗಿದೆ. 2017ರ ಜನವರಿಯಿಂದ ಬೀಟೆಯ ಕುಲದ ಮರಗಳೆಲ್ಲವೂ ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಅಂತಾರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಬಂದವು. 2019ರಲ್ಲಿ ಸಿದ್ಧ ಸಂಗೀತವಾದ್ಯಗಳಿಗೆ ವಿನಾಯಿತಿ ದೊರೆಯಿತು. ಹಳೆಯ ಗಿಟಾರ್‌ನ ಬೀಟೆಯನ್ನು ಕಾಪಾಡಿಕೊಳ್ಳಲು ಇದೂ ಒಂದು ಕಾರಣ.

ಲೇಪವಿಲ್ಲದ ಈ ಹಲಗೆಗಳ ಮೇಲಿನ ಕೊಳೆಯನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮೆಲ್ಲನೆ ಕೆರೆದು, ವರ್ಷಕ್ಕೆ ಒಂದೆರಡು ಬಾರಿ ಬೆರಳುಹಲಗೆಗೆಂದೇ ಮಾರುವ ಎಣ್ಣೆಯ ನಾಲ್ಕಾರು ಹನಿ ಸವರಿ, ಹೆಚ್ಚಾದದ್ದನ್ನು ಒರೆಸಬೇಕು. ‘ಲೆಮನ್ ಆಯಿಲ್’ ಎಂದು ದೊರೆಯುವುದು ಬಹುಮಟ್ಟಿಗೆ ಪರಿಮಳ ಬೆರೆಸಿದ ಖನಿಜ ತೈಲವೇ. ಅಡುಗೆ ಎಣ್ಣೆ ಕಾಲಕ್ರಮೇಣ ಕಮಟಾಗಿ ಜಿಗುಟು ಕಟ್ಟುವುದರಿಂದ ಬಳಸಬಾರದು. ಮೇಪಲ್ ಮರದ ತಿಳಿಬಣ್ಣದ ಹಲಗೆಗೆ ಸಾಮಾನ್ಯವಾಗಿ ಲೇಪವಿರುತ್ತದೆ. ಅದಕ್ಕೆ ಎಣ್ಣೆಯ ಅಗತ್ಯವೇ ಇಲ್ಲ.

ಮಂಕಿಗೂ ಬೆಲೆಯುಂಟು

ಹೊಳಪೇ ಮೌಲ್ಯವೆಂಬ ನಂಬಿಕೆಯನ್ನು ಹಳೆಯ ಗಿಟಾರ್‌ಗಳ ಮಾರುಕಟ್ಟೆ ತಲೆಕೆಳಗು ಮಾಡಿದೆ. ಮೂಲ ಲೇಪ ತೆಗೆದು ಹೊಸದಾಗಿ ಬಣ್ಣ ಹೊಡೆಸಿದ ವಿಂಟೇಜ್ ವಾದ್ಯದ ಬೆಲೆ, ಮೂಲ ಸ್ಥಿತಿಯಲ್ಲಿರುವ ಅಂಥದೇ ವಾದ್ಯದ ಸುಮಾರು ಅರ್ಧಕ್ಕೆ ಇಳಿಯುವುದು ಅಲ್ಲಿನ ರೂಢಿ. 1958ರಿಂದ 1960ರವರೆಗೆ ತಯಾರಾದ ಗಿಬ್ಸನ್ ಲೆಸ್ ಪಾಲ್ ಗಿಟಾರ್‌ಗಳ ಕೆಂಬಣ್ಣ ಬಿಸಿಲಿಗೆ ಮಾಸಿ, ಪ್ರತಿಯೊಂದೂ ಬೇರೆ ಬೇರೆ ಛಾಯೆ ತಳೆಯಿತು. ಅಂದು ದೋಷವೆನಿಸಿದ್ದ ಆ ಮಾಸಲು ಬಣ್ಣವನ್ನೇ ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ.

ಐರ್ಲೆಂಡಿನ ವಾದಕ ರೋರಿ ಗ್ಯಾಲಗರ್ 1963ರಲ್ಲಿ ಕೊಂಡ 1961ರ ಸ್ಟ್ರಾಟೊಕಾಸ್ಟರ್‌ನ ಲೇಪ ಬಹುಪಾಲು ಸವೆದು ಬರಿಮರವೇ ಕಾಣುತ್ತದೆ. ಅವರು 1995ರಲ್ಲಿ ನಿಧನರಾದರು. 2024ರ ಅಕ್ಟೋಬರ್‌ನಲ್ಲಿ ಲಂಡನ್‌ನಲ್ಲಿ ನಡೆದ ಹರಾಜಿನಲ್ಲಿ ಆ ಗಿಟಾರ್ 8 ಲಕ್ಷ ಪೌಂಡ್‌ಗೂ ಮೀರಿದ ಬೆಲೆಗೆ ಮಾರಾಟವಾಯಿತು. ಅಮೆರಿಕದ ಗಾಯಕ ವಿಲ್ಲಿ ನೆಲ್ಸನ್ 1969ರಲ್ಲಿ ಕೊಂಡ ಮಾರ್ಟಿನ್ ಗಿಟಾರ್‌ನ ಮೇಲ್ಹಲಗೆ ಬೆರಳಿನ ಉಜ್ಜಿಗೆ ಸವೆದು ತೂತೇ ಬಿದ್ದಿದೆ. ಇಂತಹ ವಾದ್ಯಗಳ ಮೋಡಿ ಎಷ್ಟೆಂದರೆ ಫೆಂಡರ್ ಕಂಪನಿ 1995ರಿಂದ ಹೊಸ ಗಿಟಾರ್‌ಗಳನ್ನೇ ಬೇಕೆಂದು ಸವೆಸಿ, ಗೀರು ಹಾಕಿ, ‘ರೆಲಿಕ್’ ಎಂಬ ಹೆಸರಿನಲ್ಲಿ ಹೆಚ್ಚಿನ ಬೆಲೆಗೆ ಮಾರುತ್ತ ಬಂದಿದೆ.

ಎಲ್ಲರ ಮನೆಯಲ್ಲೂ ಲಕ್ಷಾಂತರ ಬೆಲೆಯ ಗಿಟಾರ್ ಇರುವುದಿಲ್ಲ ಎಂಬುದು ನಿಜ. ಆದರೆ ತಂದೆಯ ಹೆಬ್ಬೆರಳು ಸವೆಸಿದ ಗುರುತು, ಅಣ್ಣನ ಕಾಲೇಜು ದಿನಗಳ ಗೀರು ಇವುಗಳ ಬೆಲೆಯನ್ನು ಹರಾಜಿನಲ್ಲಿ ಕಟ್ಟಲಾಗದು. ಅವು ಹೋದ ಮೇಲೆ ಉಳಿಯುವುದು ಹೊಳೆಯುವ ಮತ್ತೊಂದು ಗಿಟಾರ್ ಮಾತ್ರ.

ಹೊಳಪು ಉಳಿಸಿಕೊಳ್ಳುವ ದಾರಿ

ಮರಳಿದ ಹೊಳಪು ಉಳಿಯಬೇಕಾದರೆ ಇಡುವ ಜಾಗ ಮುಖ್ಯ. ಗಿಟಾರ್‌ಗೆ ಶೇ. 45ರಿಂದ 55ರಷ್ಟು ಆರ್ದ್ರತೆ ಹಿತಕರ. ಕರಾವಳಿಯ ಮಳೆಗಾಲದಲ್ಲಿ ಇದು ಶೇ. 80 ದಾಟುವುದು ಮಾಮೂಲು. ಅಂತಹ ಕಡೆ ವಾದ್ಯವನ್ನು ಗೋಡೆಗೆ ತೂಗುಹಾಕದೆ, ಸಿಲಿಕಾ ಜೆಲ್ ಪೊಟ್ಟಣಗಳಿರುವ ಗಟ್ಟಿ ಪೆಟ್ಟಿಗೆಯಲ್ಲಿ ಇಟ್ಟು, ಬಿಸಿಲು ಬಂದ ದಿನ ತೆರೆದು ನೋಡುತ್ತಿರಬೇಕು. ಬಯಲುಸೀಮೆಯ ಬೇಸಿಗೆಯಲ್ಲಿ ಸಮಸ್ಯೆ ತಿರುವುಮುರುವಾಗಿ, ಮರ ಒಣಗಿ ಸೀಳುವ ಭಯವಿರುತ್ತದೆ. ಕಿಟಕಿಯ ನೇರ ಬಿಸಿಲು ಎಲ್ಲ ಊರಿನಲ್ಲೂ ವರ್ಜ್ಯ.

ನೈಟ್ರೊ ಲೇಪಕ್ಕೆ ಇನ್ನೊಂದು ಗುಪ್ತ ಶತ್ರುವಿದೆ. ಗಿಟಾರ್ ಸ್ಟ್ಯಾಂಡ್‌ಗಳ ರಬ್ಬರ್ ಅಥವಾ ಮೆದು ಪ್ಲಾಸ್ಟಿಕ್ ತೋಳುಗಳಲ್ಲಿನ ರಾಸಾಯನಿಕ ಲ್ಯಾಕರ್‌ಗೆ ಇಳಿದು, ತಾಗಿದ ಕಡೆ ಅದನ್ನು ಮೆತ್ತಗಾಗಿಸಿ ಅಳಿಸಲಾಗದ ಗುರುತು ಮಾಡುತ್ತದೆ. ತೋಳುಗಳಿಗೆ ಹತ್ತಿ ಬಟ್ಟೆ ಸುತ್ತುವುದು ಸರಳ ಉಪಾಯ. ನುಡಿಸಿದ ಬಳಿಕ ಪ್ರತಿ ಬಾರಿ ಒಣಬಟ್ಟೆಯಿಂದ ತಂತಿ, ಕುದುರೆ ಹಾಗೂ ಕೈ ಒರಗುವ ಜಾಗವನ್ನು ಒರೆಸುವ ಅಭ್ಯಾಸ ಯಾವ ಪಾಲಿಶ್‌ಗಿಂತಲೂ ಮಿಗಿಲು.

ಕೆಲಸ ಕೈಮೀರಿದ್ದೆಂದು ತೋರಿದಾಗ ವಾದ್ಯ ದುರಸ್ತಿ ಬಲ್ಲವರ ಬಳಿ ಒಯ್ಯಬೇಕು. ಒಪ್ಪಿಸುವ ಮುನ್ನ ಲೇಪ ಯಾವುದೆಂದು ಗುರುತಿಸಿದ್ದಾರೆಯೇ, ಯಾವ ಪಾಲಿಶ್ ಬಳಸುತ್ತಾರೆ, ಯಂತ್ರ ಹಾಯಿಸುತ್ತಾರೆಯೇ ಎಂದು ಕೇಳಬೇಕು. ತೆಗೆದ ಹಳೆಯ ಭಾಗಗಳನ್ನು ಮರಳಿಸುವಂತೆಯೂ ಹೇಳಬೇಕು. ಬಿಚ್ಚಿದ ಸಣ್ಣ ತಿರುಪನ್ನೂ ಪೊಟ್ಟಣ ಕಟ್ಟಿ ಪೆಟ್ಟಿಗೆಯಲ್ಲೇ ಇಡುವುದು ಒಳ್ಳೆಯದು. ಗಿಟಾರ್ ನೋಡುವ ಮೊದಲೇ ‘ಎಲ್ಲ ಕೆರೆದು ಹೊಸದರಂತೆ ಮಾಡಿಕೊಡುತ್ತೇವೆ’ ಎಂಬ ಭರವಸೆ ಬಂದರೆ ವಾದ್ಯವನ್ನು ಮನೆಗೆ ಮರಳಿ ತರುವುದೇ ಜಾಣತನ.

ಶುಚಿಗೊಳಿಸಿದ ಗಿಟಾರ್‌ಗೆ ಹೊಸ ತಂತಿ ಬಿಗಿದು ಶ್ರುತಿ ಮಾಡಿದಾಗ ಬಿರುಕುಗಳ ಜಾಲ ಇದ್ದಲ್ಲೇ ಇರುತ್ತದೆ, ಅಂಚುಪಟ್ಟಿಯ ಹಳದಿಯೂ ಇರುತ್ತದೆ. ಅದರ ಮೇಲಿದ್ದ ಜಿಡ್ಡಿನ ಪೊರೆ ಮಾತ್ರ ಇರುವುದಿಲ್ಲ. ಹಳೆಯ ವಾದ್ಯಕ್ಕೆ ಮರಳಿ ತರಬಹುದಾದ ಹೊಳಪು ಅಷ್ಟೇ, ಮತ್ತು ಬಹುತೇಕ ಸಂದರ್ಭಗಳಲ್ಲಿ ಅಷ್ಟು ಸಾಕಾಗುತ್ತದೆ.